ಲಸಿಕೆ ಬರುವ ಮೊದಲು ಕೇಳಬೇಕಾದ ಪ್ರಶ್ನೆ



ಈ ವಿಚಾರ ಸಂಕಿರಣಕ್ಕೆ ಕೊಟ್ಟಿಗೆಹಾರವನ್ನು ಆರಿಸಿಕೊಂಡಿದ್ದು ಸರಿಯಾಗಿಯೇ ಇದೆ. ಇಲ್ಲಿಂದ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ ತಾಲ್ಲೂಕು. ಅಲ್ಲಿನ ನಿಡ್ಲೆಯ ಆಸುಪಾಸಿನಲ್ಲಿ 1982ರ ಕೊನೆಗೆ ಕಾಣಿಸಿಕೊಂಡ ಮಂಗನ ಕಾಯಿಲೆ 1983ರ ಬೇಸಿಗೆಯೊಳಗೆ ನೂರಾರು ಜನರನ್ನು ಮಲಗಿಸಿತು. ಇನ್ನೊಂದು ದಿಕ್ಕಿಗೆ ಹೋದರೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ. ಇತ್ತೀಚಿನ ವರ್ಷಗಳಲ್ಲಿ ಅದೇ ಜ್ವರ ಈ ಊರುಗಳಿಗೂ ಬಂದಿದೆ, ಸಾವುಗಳೂ ಆಗಿವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳುತ್ತಿರುವುದನ್ನು ಕಂಡು, ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂದು ಮೊದಲು ಗಾಬರಿಯಾದರು. ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ವೈರಸ್ಸು. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟ.

ನಾನು ವೈದ್ಯನಲ್ಲ. ನನ್ನದು ಲೆಕ್ಕದ ಕಸುಬು. ಅದರಲ್ಲೂ ಕಾಸಲ್ ಇನ್ಫರೆನ್ಸ್ ಎಂದು ಕರೆಯುವ, ಯಾವುದರಿಂದ ಏನಾಯಿತು ಎಂದು ಅಂಕಿಅಂಶಗಳಿಂದ ತೀರ್ಮಾನಿಸುವ ಶಾಖೆ. ನನ್ನ ವೃತ್ತಿಜೀವನವೆಲ್ಲ ಒಂದೇ ಪ್ರಶ್ನೆಯ ಸುತ್ತ ಕಳೆದಿದೆ: ಇದನ್ನು ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು? ಲಸಿಕೆ ಹಾಕಿಸಿಕೊಂಡ ಒಬ್ಬ ಹೆಂಗಸು ಈ ಬೇಸಿಗೆಯನ್ನು ಜ್ವರವಿಲ್ಲದೆ ಕಳೆದರೆ ಅದು ಲಸಿಕೆಯಿಂದಲೋ, ಆಕೆಯನ್ನು ಉಣುಗು ಕಚ್ಚದೇ ಇದ್ದುದರಿಂದಲೋ? ಅದೇ ಹೆಂಗಸನ್ನು ಅದೇ ಬೇಸಿಗೆಯಲ್ಲಿ ಲಸಿಕೆಯಿಲ್ಲದೆಯೂ ನೋಡಲು ಯಾರಿಂದಲೂ ಆಗದು. ಪೋಲೆಂಡಿನ ಜೆರ್ಜಿ ನೇಮನ್ 1923ರಲ್ಲಿ ಹೊಲದ ತಾಕುಗಳ ಇಳುವರಿಯ ಬಗ್ಗೆ ಬರೆಯುತ್ತ ಈ ತೊಡಕನ್ನು ಸೂತ್ರಕ್ಕೆ ಇಳಿಸಿದರು. 1974ರಲ್ಲಿ ಡೊನಾಲ್ಡ್ ರೂಬಿನ್ ಅದನ್ನು ಪ್ರಯೋಗವೇ ನಡೆಸದ ಅಧ್ಯಯನಗಳಿಗೂ ವಿಸ್ತರಿಸಿದರು. ಆ ಹೆಂಗಸಿಗೆ ಸರಿಸಾಟಿಯಾದ, ಲಸಿಕೆ ಪಡೆಯದ ಇನ್ನೊಬ್ಬರನ್ನು ಹುಡುಕಿ ಹೋಲಿಸುವುದೊಂದೇ ದಾರಿ. ಆ ಇನ್ನೊಬ್ಬರು ಯಾರು ಎನ್ನುವುದರಲ್ಲೇ ನಮ್ಮ ಶಾಸ್ತ್ರದ ಕಷ್ಟವೆಲ್ಲ ಇದೆ.

ಕಾಫಿ ಬೆಳೆಗಾರರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ತೋಟದ ಅಷ್ಟೂ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆದವರಿಗೆ ಆ ವರ್ಷ ಎಲೆ ತುಕ್ಕು ಕಡಿಮೆಯಾದದ್ದು ಔಷಧಿಯಿಂದಲೋ ಮಳೆಯ ಹದದಿಂದಲೋ ಗೊತ್ತಾಗುವುದಿಲ್ಲ. ಔಷಧಿ ಹೊಡೆಯದ ನಾಲ್ಕು ಸಾಲು ಇದ್ದರೆ ಗೊತ್ತಾಗುತ್ತದೆ. ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರಕ್ಕೆ ಇದು ದಿನನಿತ್ಯದ ಕೆಲಸ. ಗಿಡಕ್ಕೆ ಕೊಡುವ ಈ ಎಚ್ಚರಿಕೆಯನ್ನು ಮನುಷ್ಯರಿಗೆ ಕೊಟ್ಟಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ನಿಡ್ಲೆಗೆ ಮರಳಿ ಬರುತ್ತೇನೆ. ಗೇರು ತೋಟ ಮಾಡಲು ಅಲ್ಲಿ ಕಾಡು ಕಡಿದಿದ್ದರು, ಅದರ ಬೆನ್ನಿಗೇ ಜ್ವರ ಬಂತು. ಕಾಡು ಕಡಿದದ್ದಕ್ಕೆ ದೈವಗಳು ಮುನಿದವು ಎಂದರು ಊರಿನವರು. ವಿಜ್ಞಾನಿಗಳ ಬಳಿ ಬೇರೊಂದು ವಿವರಣೆ ಇತ್ತು. ಶಿವಮೊಗ್ಗದ ಕಾಡುಗಳಲ್ಲಿ ಕೆಲಸ ಮಾಡಿದ್ದ ಹೋರ್ಹೆ ಬೋಶೆಲ್ 1969ರಲ್ಲಿ ಒಂದು ಸರಪಳಿಯನ್ನು ಮುಂದಿಟ್ಟಿದ್ದರು. ಜನ ಹೆಚ್ಚಿ ಕಾಡಿನ ಅಂಚು ಬಯಲಾಗುತ್ತದೆ, ಅಲ್ಲಿ ಲಂಟಾನ ಹಬ್ಬುತ್ತದೆ, ದನಗಳು ಮೇಯಲು ಬರುತ್ತವೆ, ದನದ ರಕ್ತ ಕುಡಿದ ಉಣುಗುಗಳು ಲೆಕ್ಕವಿಲ್ಲದಷ್ಟು ಮರಿ ಮಾಡುತ್ತವೆ, ಇಲಿ ಹೆಗ್ಗಣಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ಸು ಮಂಗಗಳಿಗೂ ಮನುಷ್ಯರಿಗೂ ದಾಟುತ್ತದೆ. ಊರಿನವರೂ ವಿಜ್ಞಾನಿಗಳೂ ಬೆರಳು ತೋರಿದ್ದು ಕಡಿದ ಕಾಡಿನ ಕಡೆಗೇ ಎನ್ನುವುದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಕರಾವಳಿಯಲ್ಲಿ ಗೇರಿಗಾಗಿ ಗುಡ್ಡ ಬೋಳಿಸಿದ್ದು ಅದೊಂದೇ ಜಾಗದಲ್ಲಲ್ಲ, ಎಲ್ಲ ಕಡೆ ಜ್ವರ ಬರಲಿಲ್ಲ. ಕಡಿಯುವುದು ಒಂದೇ ಸಾಲದು. ವೈರಸ್ಸು ಅಲ್ಲಿ ಮೊದಲೇ ಇರಬೇಕು, ಉಣುಗಿನ ಕಾಲಕ್ಕೆ ಸರಿಯಾಗಿ ಕೂಲಿಯವರು ಕಾಡಿನೊಳಗೆ ಇರಬೇಕು. ಕಾರಣ ಎನ್ನುವುದು ಹೀಗೆ ಕೂಡಿಬಂದಾಗಲೇ ಕಾರಣವಾಗುತ್ತದೆ. ಕಾರಣಗಳ ಈ ಕೂಟದಲ್ಲಿ ನಾವು ಬಿಡಿಸಬಹುದಾದ ಕೊಂಡಿ ಯಾವುದು ಎನ್ನುವುದೇ ಸಾರ್ವಜನಿಕ ಆರೋಗ್ಯಕ್ಕೆ ಬೇಕಾದ ಉತ್ತರ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ರೋಗದ ಅಪಾಯದ ನಕ್ಷೆ ಮಾಡಿದೆ. ನಿತ್ಯಹರಿದ್ವರ್ಣದ ಕಾಡು ಮತ್ತು ತೋಟ ಒಂದರೊಳಗೊಂದು ಬೆರೆತಿರುವ, ಊರದನಗಳು ಹೆಚ್ಚಾಗಿರುವ ಕಡೆ ಅಪಾಯ ಹೆಚ್ಚು ಎಂದು ಅದು ಕಂಡುಕೊಂಡಿತು. ಈ ಸಭಾಂಗಣದ ಕಿಟಕಿಯಿಂದ ನೋಡಿದರೆ ಕಾಣುವುದು ಅಂಥದೇ ನೆಲ. ಬಹಳ ಉಪಯೋಗದ ಕೆಲಸ ಅದು. ಮುಂದಿನ ಬೇಸಿಗೆಯಲ್ಲಿ ಎಲ್ಲಿ ಕಣ್ಣಿಡಬೇಕು ಎಂದು ತೋರಿಸುತ್ತದೆ. ಹಾಗೆಂದು ಅದನ್ನು ಹಿಡಿದುಕೊಂಡು ದನಗಳನ್ನು ಕಾಡಿಗೆ ಬಿಡಬೇಡಿ ಎಂದು ಆಜ್ಞೆ ಹೊರಡಿಸುವಂತಿಲ್ಲ. ರೋಗ ಎಲ್ಲಿ ಬರುತ್ತದೆ ಎನ್ನುವುದು ಒಂದು ಪ್ರಶ್ನೆ, ದನ ತಡೆದರೆ ರೋಗ ಇಳಿಯುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಎರಡನೆಯದಕ್ಕೆ ನಕ್ಷೆಯಲ್ಲಿ ಉತ್ತರವಿಲ್ಲ. ಗೊಬ್ಬರಕ್ಕೂ ಹಾಲಿಗೂ ನಾಲ್ಕು ದನ ನಂಬಿಕೊಂಡ ಮನೆಯ ಮೇಲೆ ಅಂಥ ಹೊರೆ ಹೊರಿಸುವ ಮೊದಲು ಎರಡನೆಯ ಪ್ರಶ್ನೆಯನ್ನು ಅದರದೇ ದಾರಿಯಲ್ಲಿ ಕೇಳಬೇಕು.

ಈಗ ಲಸಿಕೆ. ಫಾರ್ಮಲಿನ್‌ನಿಂದ ವೈರಸ್ಸನ್ನು ಸಾಯಿಸಿ ಮಾಡಿದ ಲಸಿಕೆಯನ್ನು 1990ರ ಸುಮಾರಿಗೆ ರಾಜ್ಯದ ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಎರಡು ಡೋಸ್ ಪಡೆದವರಲ್ಲಿ ಅದು ಶೇ. 93.5ರಷ್ಟು ರಕ್ಷಣೆ ಕೊಟ್ಟಿತು ಎಂದು 1994ರಲ್ಲಿ ವರದಿಯಾಯಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅದೇ ಎರಡು ಡೋಸಿನ ರಕ್ಷಣೆ ಶೇ. 62.4. ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9. ಲಸಿಕೆ ದುರ್ಬಲವಾಯಿತು, ಬೂಸ್ಟರ್ ಅದನ್ನು ಎತ್ತಿ ನಿಲ್ಲಿಸಿತು ಎಂದು ಓದುವುದು ಸುಲಭ. ಅದು ನಿಜವೂ ಇರಬಹುದು. ಆದರೆ ಮೂರೂ ಅಂಕಿಗಳ ಹಿಂದಿರುವ ಜನ ಯಾರು?

ಲಸಿಕೆ ಕೊಡುತ್ತಿದ್ದುದು ಮಂಗ ಸತ್ತ, ಜ್ವರ ಕಂಡ ಜಾಗದ ಸುತ್ತಲಿನ ಊರುಗಳಿಗೆ. ಅಂದರೆ ಮೊದಲೇ ಅಪಾಯದಲ್ಲಿದ್ದ ಊರುಗಳಿಗೆ. ಅವರನ್ನು ದೂರದ ಊರಿನವರ ಜೊತೆ ಹೋಲಿಸಿದರೆ ಲಸಿಕೆ ಇದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಅದೇ ಊರಿನೊಳಗೆ ನೋಡಿದರೆ ಲೆಕ್ಕ ತಿರುವುಮುರುವು. ದಿನವೂ ಸೌದೆಗೆ, ಕೊಟ್ಟಿಗೆಯ ಸೊಪ್ಪು ದರಗಿಗೆ ಕಾಡಿಗೆ ಹೋಗುವ ಕೂಲಿಯವರು ಕ್ಯಾಂಪಿನ ದಿನ ಕೆಲಸ ಬಿಟ್ಟು ಬರಲಾರರು. ಆ ಚುಚ್ಚುಮದ್ದು ಬಹಳ ನೋಯುತ್ತಿತ್ತು. ತೋಳು ಬಾತರೆ ಮರುದಿನದ ಕೂಲಿಯೂ ಹೋಯಿತು. ಆಸ್ಪತ್ರೆಯ ಹತ್ತಿರ ಮನೆಯಿದ್ದು, ಕಾಡಿಗೆ ಅಪರೂಪಕ್ಕೆ ಹೋಗುವವರು ಬಂದು ಹಾಕಿಸಿಕೊಳ್ಳುತ್ತಾರೆ. ಇಂಥವರನ್ನು ಆ ಕೂಲಿಯವರಿಗೆ ಹೋಲಿಸಿದರೆ ಲಸಿಕೆ ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಬೂಸ್ಟರ್ ಅಂಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿದ್ಯಾರ್ಥಿಗಳು ಇದನ್ನು ದಯವಿಟ್ಟು ಗಮನಿಸಬೇಕು. ಬೂಸ್ಟರ್ ಕೊಡುತ್ತಿದ್ದುದು ಎರಡನೆಯ ಡೋಸ್ ಆಗಿ ಕೆಲವು ತಿಂಗಳಾದ ಮೇಲೆ. ನಡುವೆ ಜ್ವರ ಬಂದವರು ಬೂಸ್ಟರ್ ಗುಂಪಿಗೆ ಬರುವುದೇ ಇಲ್ಲ, ಎರಡು ಡೋಸಿನ ಗುಂಪಿನಲ್ಲೇ ಎಣಿಕೆಯಾಗುತ್ತಾರೆ. ಹಾಗಾಗಿ ಬೂಸ್ಟರ್‌ನಲ್ಲಿ ಏನೂ ಶಕ್ತಿ ಇಲ್ಲದಿದ್ದರೂ ಆ ಗುಂಪು ಆರೋಗ್ಯವಾಗಿ ಕಾಣಬಹುದು. ಯಾರು ಯಾವ ದಿನಾಂಕದಿಂದ ಯಾವ ಗುಂಪಿಗೆ ಸೇರಿದರು, ಆ ದಿನಾಂಕದವರೆಗಿನ ದಿನಗಳನ್ನು ಯಾವ ಲೆಕ್ಕಕ್ಕೆ ಹಾಕಿದರು ಎಂಬುದನ್ನು ನೋಡದೆ ಎರಡು ಶೇಕಡಾವಾರುಗಳನ್ನು ಪಕ್ಕಪಕ್ಕ ಇಡಬಾರದು. ಜೇಮ್ಸ್ ರಾಬಿನ್ಸ್ 1986ರಲ್ಲಿ ಕಾರ್ಖಾನೆಯ ಕಾರ್ಮಿಕರ ಬಗ್ಗೆ ಬರೆದ ಪ್ರಬಂಧ ಇದಕ್ಕೆ ಹತ್ತಿರದ ಸಮಸ್ಯೆಯದೇ. ಕಾಯಿಲೆಯಾದವರು ಕೆಲಸ ಬಿಡುತ್ತಾರೆ, ಗಟ್ಟಿಗರು ಉಳಿಯುತ್ತಾರೆ, ವಿಷದ ಗಾಳಿ ಕುಡಿದವರೇ ಆರೋಗ್ಯವಂತರೆಂದು ಲೆಕ್ಕ ಹೇಳುತ್ತದೆ.

ಆ ಲಸಿಕೆಯ ಶಕ್ತಿ ಕುಂದಿದೆಯೆಂದು 2022ರಲ್ಲಿ ನಿಲ್ಲಿಸಿದರು. ಈಗ ಊರುಗಳಿಗೆ ಸಿಗುತ್ತಿರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ, ತಿಳುವಳಿಕೆಯ ಮಾತು. ಹೊಸ ಲಸಿಕೆಯ ಕೆಲಸ ಐಸಿಎಂಆರ್ ನೇತೃತ್ವದಲ್ಲಿ ನಡೆದಿದೆ. ಅದು ಬರುವುದನ್ನು ನಾನೂ ಕಾಯುತ್ತಿದ್ದೇನೆ. ಬಂದಾಗ ಎಲ್ಲರಿಗೂ ಒಂದೇ ಸಲಕ್ಕೆ ಸಾಕಾಗುವಷ್ಟು ಇರುವುದಿಲ್ಲ ಎಂಬುದನ್ನು ಈಗಲೇ ಊಹಿಸಬಹುದು. ಆಗ ಮೊದಲು ಯಾರಿಗೆ?

1940ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದಾಗ ಇದೇ ಪರಿಸ್ಥಿತಿ. ಯುದ್ಧ ಮುಗಿದ ಮೇಲಿನ ಬಡತನ, ಔಷಧಿ ಅತಿ ಕಡಿಮೆ. ಇದ್ದಷ್ಟನ್ನು ಹೇಗೂ ಎಲ್ಲರಿಗೆ ಕೊಡಲಾಗದು ಎಂದಾದ ಮೇಲೆ, ಯಾರಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ನಿರ್ಧರಿಸಿದರು ಸಂಖ್ಯಾಶಾಸ್ತ್ರಜ್ಞ ಬ್ರ್ಯಾಡ್‌ಫರ್ಡ್ ಹಿಲ್. 1948ರಲ್ಲಿ ಬಂದ ಆ ಫಲಿತಾಂಶದ ಮೇಲೆ ಇವತ್ತಿನ ಔಷಧ ಪರೀಕ್ಷೆಗಳೆಲ್ಲ ನಿಂತಿವೆ. ನಮ್ಮ ದೇಶಕ್ಕೂ ಈ ಧೈರ್ಯ ಹೊಸದಲ್ಲ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯಲ್ಲಿ ಆರಂಭವಾದ ಬಿಸಿಜಿ ಪರೀಕ್ಷೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ತಡೆಯುವುದಿಲ್ಲ ಎಂಬ ಯಾರಿಗೂ ಬೇಡವಾದ ಉತ್ತರ ಬಂತು. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಆ ಸಂಶೋಧಕರ ಬಗ್ಗೆ ನನಗೆ ತುಂಬು ಗೌರವವಿದೆ.

ಆದ್ದರಿಂದ ಇಲ್ಲಿರುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಲಸಿಕೆ ಸುರಕ್ಷಿತವೆಂದು ಸಾಬೀತಾಗಿ ಜಿಲ್ಲೆಗೆ ಬಂದ ದಿನ, ಅಪಾಯ ಒಂದೇ ಸಮನಾಗಿರುವ ಊರುಗಳ ನಡುವೆ ಸರದಿಯನ್ನು ಗ್ರಾಮಸಭೆಯ ಎದುರು ಚೀಟಿ ಎತ್ತಿ ನಿರ್ಧರಿಸಿ. ಯಾವ ಊರಿಗೂ ಲಸಿಕೆ ತಪ್ಪುವುದಿಲ್ಲ, ಯಾರದೋ ಪ್ರಭಾವದಿಂದ ಯಾರಿಗೋ ಮೊದಲು ಸಿಗುವುದೂ ಇಲ್ಲ, ಕಾಯುತ್ತಿರುವ ಊರುಗಳು ಆ ಕೆಲವು ತಿಂಗಳು ನಮಗೆ ನಂಬಬಹುದಾದ ಹೋಲಿಕೆ ಕೊಡುತ್ತವೆ. ಕಾಯುವ ಊರಿಗೆ ತೈಲವೂ ಜ್ವರದ ಪರೀಕ್ಷೆಯೂ ಒಂದು ಚೂರೂ ಕಡಿಮೆಯಾಗಬಾರದು. ಆಶಾ ಕಾರ್ಯಕರ್ತೆಯರ ರಿಜಿಸ್ಟರಿನಲ್ಲಿ ಲಸಿಕೆ ಪಡೆದವರ ಹೆಸರಿನ ಜೊತೆಗೆ ಪಡೆಯದವರ ಹೆಸರು, ಅವರು ವಾರಕ್ಕೆ ಎಷ್ಟು ಸಲ ಕಾಡಿಗೆ ಹೋಗುತ್ತಾರೆ ಎಂಬ ಕಾಲಂ, ಪ್ರತಿ ಡೋಸಿನ ದಿನಾಂಕ, ಇಷ್ಟು ಇರಲಿ. ಆ ಬರವಣಿಗೆಗೆ ಅವರಿಗೆ ಪ್ರತ್ಯೇಕ ಸಂಭಾವನೆ ಕೊಡಿ. ಕಾಲಂ ಸೇರಿಸಿ ರಿಜಿಸ್ಟರ್ ಅಚ್ಚು ಹಾಕಿಸುವ ಕೆಲಸಕ್ಕೆ ಲಸಿಕೆ ಬರುವವರೆಗೆ ಕಾಯಬೇಕಿಲ್ಲ. ಉಣುಗು ಏಳುವ ಕಾಲಕ್ಕೆ ಮೊದಲೇ, ಈ ಮಳೆಗಾಲದಲ್ಲೇ ಅದನ್ನು ಶುರು ಮಾಡಿ.