ಬಿತ್ತನೆಯ ಬೀಜವೂ ಸಣ್ಣ ಒಕ್ಕಲಿಗನೂ
(ನಿಟ್ಟೂರಿನಲ್ಲಿ ಮಾಡಿದ ಉಪನ್ಯಾಸ)



ನಿಟ್ಟೂರು ಸೀಮೆಯೆಂದರೆ ತೆಂಗು ಅಡಕೆಗಳ ತೋಟವೆಂದು ಹೊರಗಿನವರು ತಿಳಿದಿರುವರು. ಆದರೆ ಮಳೆಯನ್ನೇ ನೆಚ್ಚಿ ಒಂದೆರಡು ಎಕರೆ ರಾಗಿ ಬಿತ್ತುವ ಒಕ್ಕಲುಗಳೂ ಇಲ್ಲಿ ಉಂಟು. ಅಂತಹವರಿಗೆ ಕುಲಾಂತರಿ ಬೆಳೆಗಳಿಂದ ಹಿತವಾದೀತೇ ಎಂಬುದೇ ಇಂದಿನ ಪ್ರಶ್ನೆಯು.

ಒಂದು ಜೀವಿಯ ವಂಶಗುಣವನ್ನು ಹೊತ್ತ ಜೀನನ್ನು ಪ್ರಯೋಗಶಾಲೆಯಲ್ಲಿ ಬೇರೊಂದು ಕುಲದ ಸಸ್ಯಕ್ಕೆ ಸೇರಿಸಿದರೆ ಅದು ಕುಲಾಂತರಿಯಾಗುವುದು. ಮಣ್ಣಿನ ಒಂದು ಸೂಕ್ಷ್ಮಾಣುವಿನ ಜೀನನ್ನು ಹತ್ತಿಗೆ ಸೇರಿಸಲು, ಕಾಯಿಕೊರಕ ಹುಳುವಿಗೆ ಮಾರಕವಾದ ಪದಾರ್ಥವು ಗಿಡದಲ್ಲಿಯೇ ಹುಟ್ಟಿತು. 1998ರಲ್ಲಿ ರಾಯಚೂರು ಸೀಮೆಯಲ್ಲಿ ಇದರ ಪ್ರಯೋಗದ ಪೈರನ್ನು ರೈತಸಂಘದವರು ಸುಟ್ಟರು. 2002ರಲ್ಲಿ ಕೇಂದ್ರ ಸರ್ಕಾರವು ಅನುಮತಿಯನ್ನಿತ್ತಿತು. ಮೊದಮೊದಲು ಔಷಧಿ ಸಿಂಪಡಿಸುವ ವೆಚ್ಚವು ತಗ್ಗಿದುದು ನಿಜ; ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕಾಲಕ್ರಮದಲ್ಲಿ ಗುಲಾಬಿ ಕಾಯಿಕೊರಕವು ಅದಕ್ಕೆ ಜಗ್ಗದಾಯಿತು. ಮೇಲಾಗಿ ಅದು ಸಂಕರಬೀಜ. ಮನೆಯಲ್ಲಿ ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬಾರದು. ವರ್ಷವರ್ಷವೂ ಅಂಗಡಿಗೆ ಹೋಗಬೇಕು. ಮಳೆ ತಪ್ಪಿದ ವರ್ಷ ಉಳಿಯುವುದು ಬೀಜದ ಸಾಲವೊಂದೇ.

ಇನ್ನು ನಮ್ಮ ರಾಗಿಯ ವಿಷಯ. ರಾಗಿಯ ಹೂವು ಬಲು ಚಿಕ್ಕದು, ತನ್ನ ಪರಾಗದಿಂದಲೇ ಫಲಿಸತಕ್ಕದ್ದು. ಅದರಲ್ಲಿ ಸಂಕರ ಮಾಡುವುದೆಂದರೆ ಸೂಜಿಮೊನೆಯ ಕೆಲಸ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕೃಷಿಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ಆ ಕೆಲಸಕ್ಕೆ ತಮ್ಮ ಆಯುಷ್ಯವನ್ನೇ ಸವೆಸಿದರು. ಆಫ್ರಿಕಾದ ರಾಗಿಯನ್ನು ನಾಡರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಬಡವನ ಹೊಲದಲ್ಲಿ ಇಳುವರಿಯು ಏರಿತು. ತರುವಾಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬೆಂಕಿರೋಗವನ್ನು ತಡೆಯುವ ಜಿಪಿಯು 28 ಬಂದಿತು. ಇವಾವುವೂ ಕುಲಾಂತರಿಗಳಲ್ಲ. ಒಕ್ಕುವ ಮುನ್ನ ಒಳ್ಳೆಯ ತೆನೆಗಳನ್ನಾರಿಸಿಟ್ಟು ಮರುವರ್ಷ ಬಿತ್ತಬಹುದು, ನೆರೆಯವನಿಗೂ ಕೊಡಬಹುದು. 2001ರ ಸಸ್ಯತಳಿ ಸಂರಕ್ಷಣೆಯ ಶಾಸನವೂ ರೈತನಿಗೆ ಈ ಹಕ್ಕನ್ನು ಕೊಟ್ಟಿದೆ.

ಪ್ರಯೋಗಶಾಲೆಯು ಪಾಪದ ಮನೆಯೆಂದು ನಾನು ಹೇಳುವವನಲ್ಲ. ನಾಳೆ ಬರಕ್ಕೆ ಜಗ್ಗದ ಕುಲಾಂತರಿ ರಾಗಿ ಬಂದರೆ, ಅದನ್ನು ತಕ್ಕಂತೆ ಪರೀಕ್ಷಿಸಿ ನೋಡಬೇಕಾದುದೇ. ಆದರೆ ಎರಡು ಮಾತನ್ನು ಕೇಳಿಯೇ ಕೊಳ್ಳಿರಿ: ಈ ಬೀಜವನ್ನು ನಾನು ಎತ್ತಿಡಬಹುದೇ? ಪೈರು ಒಣಗಿದರೆ ನನ್ನ ತಲೆಯ ಮೇಲೆ ಉಳಿಯುವ ಸಾಲವೆಷ್ಟು? ಹಿರಿಯರು ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದರು, ಅಕ್ಕಡಿ ಸಾಲಿನಲ್ಲಿ ಅವರೆ ಬೆಳೆಯುತ್ತಿದ್ದರು. ಹಗೇವೆಂದರೆ ಈಗಿನ ಹುಡುಗರು ನಗುವರು, ನಗಲಿ.

ಮುಂಗಾರಿಗೆ ಮುಂಚೆ ತಮ್ಮ ತಮ್ಮ ಮನೆಯ ಬೀಜವನ್ನು ಒಂದೊಂದು ಹಿಡಿ ಮಠದ ಅಂಗಳಕ್ಕೆ ತನ್ನಿರಿ. ಒದ್ದೆಬಟ್ಟೆಯಲ್ಲಿ ನೂರು ಕಾಳು ಕಟ್ಟಿಟ್ಟು, ಎಷ್ಟು ಮೊಳೆತವೆಂದು ಕೂಡಿಯೇ ಎಣಿಸೋಣ.