ಟಗರಿನಲ್ಲೂ ಹಾಲಿನ ಗುಣವಿದೆ

(ಹಗರೆಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಈ ದಿನ ಕುರಿಯ ಹಾಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. "ಕುರಿ ಹಾಲನ್ನು ಡೇರಿಗೆ ಹಾಕೋದುಂಟಾ ಡಾಕ್ಟ್ರೇ?" ಎಂದು ನೀವು ನಗಬಹುದು. ಹಾಕುವುದಿಲ್ಲ, ನಿಜ. ಆದರೆ ಹಸುವಿನ ಜೊತೆ ಹತ್ತು ಕುರಿಯನ್ನೂ ಸಾಕುವವರಿಗೆ ಆ ಹಾಲಿನ ಹಣ ಮರಿಯ ತೂಕದಲ್ಲಿ ಬರುತ್ತದೆ.

ಫ್ರಾನ್ಸಿನ ಲಕೋನ್, ಜರ್ಮನಿಯ ಈಸ್ಟ್ ಫ್ರೀಸಿಯನ್ ಕುರಿಗಳನ್ನು ಹಾಲಿಗಾಗಿಯೇ ಸಾಕುತ್ತಾರೆ. ನಮ್ಮ ಹಾಸನ ತಳಿ ಮಾಂಸದ್ದು. ಅದರ ಹಾಲು ಮರಿಯ ಪಾಲು. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 3.5ರಿಂದ 4 ಇದ್ದರೆ, ಕುರಿ ಹಾಲಿನಲ್ಲಿ ಸಾಮಾನ್ಯವಾಗಿ ಶೇ. 6ರಿಂದ 7 ಇರುತ್ತದೆ. ಮರಿ ಹಾಕಿದ ಮೂರು-ನಾಲ್ಕನೇ ವಾರಕ್ಕೆ ಹಾಲು ಏರಿ, ಆಮೇಲೆ ಇಳಿಯುತ್ತದೆ. ಮೊದಲ ತಿಂಗಳು ಮರಿ ಬೆಳೆಯುವುದು ಬಹುಪಾಲು ಈ ಹಾಲಿನಿಂದಲೇ.

ಕರೆಯದ ಹಾಲನ್ನು ಅಳೆಯುವುದು ಹೇಗೆ? ಮರಿಯನ್ನು ಹುಟ್ಟಿದ ದಿನ ಒಮ್ಮೆ, 30ನೇ ದಿನ ಒಮ್ಮೆ ತೂಗಿ. ಮರಿ ಒಂದು ಕಿಲೋ ಬೆಳೆಯಲು ಸುಮಾರು 5 ಲೀಟರ್ ಹಾಲು ಬೇಕು. ಎರಡೂವರೆ ಕಿಲೋ ಇದ್ದ ಮರಿ ಆರೂವರೆ ಕಿಲೋ ಆಗಿದ್ದರೆ, ತಾಯಿ ತಿಂಗಳಲ್ಲಿ ಸುಮಾರು 20 ಲೀಟರ್ ಕೊಟ್ಟಿದೆ ಎಂದು ತಿಳಿಯಿರಿ. ಅವಳಿ ಮರಿಗಳಾದರೆ ಎರಡರ ಲೆಕ್ಕವನ್ನೂ ಕೂಡಿಸಿ. ಇದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದಷ್ಟಪುಷ್ಟವಾದ ಗಂಡು ಮರಿಗೆ ಒಳ್ಳೆಯ ಬೆಲೆ ಬರುತ್ತದೆ. ಅದನ್ನೇ ಮೊದಲು ಮಾರುತ್ತೇವೆ. ಸಂತೆಯಲ್ಲಿ ಯಾರೂ ಕೇಳದೆ ಉಳಿದ ಬಡಕಲು ಮರಿಯೇ ಮಂದೆಯ ಟಗರಾಗುತ್ತದೆ. ಟಗರು ಹಾಲು ಕೊಡುವುದಿಲ್ಲ, ಆದರೆ ತನ್ನ ತಾಯಿಯ ಹಾಲಿನ ಗುಣವನ್ನು ಹೆಣ್ಣು ಮರಿಗಳಿಗೆಲ್ಲ ದಾಟಿಸುತ್ತದೆ. ಹಸುವಿಗೆ ಹೋರಿಯ ವೀರ್ಯ ಆರಿಸುವಾಗ ಅದರ ತಾಯಿಯ ಹಾಲಿನ ಇಳುವರಿ ಕೇಳುವ ನಾವು, ಟಗರಿನ ವಿಷಯದಲ್ಲಿ ಏಕೆ ಕೇಳುವುದಿಲ್ಲ? ನಿಮ್ಮ ಪುಸ್ತಕದಲ್ಲಿ ಮೇಲಿರುವ ತಾಯಿಯ ಒಂದು ಗಂಡು ಮರಿಯನ್ನು ಮಾರದೆ ಉಳಿಸಿ. ಅದನ್ನು ಒಡಹುಟ್ಟಿದವಕ್ಕೆ ಬಿಡಬೇಡಿ. ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಒಳ್ಳೆಯ ಟಗರಿನೊಡನೆ ಬದಲಿಸಿಕೊಳ್ಳಿ.

ಗುಣ ಎಷ್ಟಿದ್ದರೂ ಮೇವಿಲ್ಲದೆ ಹಾಲಿಲ್ಲ. ಕುರಿಯ ಗರ್ಭ ಸುಮಾರು 150 ದಿನ. ಮರಿ ಹೊಟ್ಟೆಯಲ್ಲಿ ಹೆಚ್ಚು ಬೆಳೆಯುವುದೂ, ಕೆಚ್ಚಲು ತುಂಬುವುದೂ ಕೊನೆಯ ಆರು ವಾರದಲ್ಲಿ. ಆಗ ಹುರುಳಿ ಹೊಟ್ಟು, ಸೊಪ್ಪಿನ ಜೊತೆ ಮುಸುಕಿನ ಜೋಳದ ನುಚ್ಚು, ಹಿಂಡಿ, ಬೂಸಾ ಬೆರೆಸಿ ದಿನಕ್ಕೆ 200 ಗ್ರಾಂ ಕೊಡಿ. ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಲೇಬೇಕು. ಮರಿ ಸೊರಗಿದ್ದರೆ ತಾಯಿಯ ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ ಬಾತಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಗಂಟುಕಟ್ಟಿ ಒಂದು ಪಕ್ಕ ಬತ್ತಿಹೋದ ಕುರಿಯನ್ನು ಮುಂದಿನ ಸೂಲಿಗೆ ಇಟ್ಟುಕೊಳ್ಳಬೇಡಿ.

ಮುಂದಿನ ಸಂತೆಗೆ ಮರಿ ಹೊಡೆದುಕೊಂಡು ಹೋಗುವ ಮುನ್ನ ಒಮ್ಮೆ ಮಂದೆಯನ್ನು ನೋಡಿ: ಮಾರುತ್ತಿರುವುದು ಯಾವ ತಾಯಿಯ ಮರಿ, ಉಳಿಯುತ್ತಿರುವುದು ಯಾವುದು? ಇಷ್ಟು ಯೋಚಿಸಿದರೆ ನನ್ನ ಮಾತು ಸಾರ್ಥಕ.