ಗಾವುದದ ಕಲ್ಲಿನಿಂದ ವಿಮಾನದ ದಾರಿಗೆ



ಧರ್ಮಪುರಿಯಿಂದ ಸೇಲಂ ಎಷ್ಟು ದೂರ ಎಂದರೆ ಬಸ್ಸಿನವರು ಸುಮಾರು 65 ಕಿಲೋಮೀಟರ್ ಎನ್ನುತ್ತಾರೆ. ನಕ್ಷೆಯ ಮೇಲೆ ನೇರವಾಗಿ ಗೆರೆ ಎಳೆದು ನೋಡಿದರೆ 52ರ ಆಸುಪಾಸು. ನಡುವೆ ತೊಪ್ಪೂರು ಘಾಟಿಯಿದೆ, ಬೆಟ್ಟಸಾಲುಗಳಿವೆ, ದಾರಿ ಸುತ್ತಿ ಬಳಸಲೇಬೇಕು. ಈ ಸೀಮೆಯಲ್ಲಿ ದೂರವನ್ನು ಅಳೆದ ಕಥೆ ಬಹಳ ಹಳೆಯದು.

ಧರ್ಮಪುರಿಯ ಹಳೆಯ ಹೆಸರು ತಗಡೂರು. ಅದನ್ನು ಆಳಿದ ಅದಿಯಮಾನರ ಹೆಸರಿನ ಹೆದ್ದಾರಿಯೊಂದು ಇಲ್ಲಿ ಹಾದುಹೋಗುತ್ತಿತ್ತು. ಆ ದಾರಿಯ ಪಕ್ಕದಲ್ಲಿ ನೆಟ್ಟಿದ್ದ, ಸುಮಾರು 13ನೇ ಶತಮಾನದ ದೂರದ ಕಲ್ಲುಗಳು ಸಿಕ್ಕಿವೆ. ಒಂದರ ಮೇಲೆ ನಾವಲ್ ತಾವಳ ಎಂಬ ಸ್ಥಳಕ್ಕೆ 29 ಗಾವುದ ಎಂದು ತಮಿಳಿನಲ್ಲಿ ಕೆತ್ತಿದೆ. ಅದರ ಜೊತೆಗೆ ಎರಡು ದೊಡ್ಡ ಗುಳಿ, ಒಂಬತ್ತು ಸಣ್ಣ ಗುಳಿ. ದೊಡ್ಡದೊಂದಕ್ಕೆ ಹತ್ತು, ಸಣ್ಣದೊಂದಕ್ಕೆ ಒಂದು. ಓದು ಬಾರದ ದಾರಿಹೋಕನೂ ಬೆರಳಾಡಿಸಿ ಲೆಕ್ಕ ಹಾಕಬಹುದಿತ್ತು. ಎಂತಹ ಕಾಳಜಿ ನೋಡಿ!

ಬೆಟ್ಟ ಹತ್ತಿಳಿಯದೆ ನೇರ ದೂರ ಕಂಡುಹಿಡಿಯುವ ವಿದ್ಯೆ ಆಮೇಲೆ ಬಂತು. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಒಂದು ನೇರ ರೇಖೆಯನ್ನು ಅಳೆದ. ಹೀಗೆ ಒಂದು ಬಾಹುವಿನ ಅಳತೆ ಸಿಕ್ಕಿದರೆ, ಬೆಟ್ಟದ ತುದಿಗಳಿಂದ ಕೋನಗಳನ್ನು ನೋಡಿ ತ್ರಿಕೋನದ ಉಳಿದ ಬಾಹುಗಳನ್ನು ಲೆಕ್ಕದಲ್ಲೇ ಪಡೆಯಬಹುದು. ಕೋನ ನೋಡುವ ಅವನ ದೊಡ್ಡ ಥಿಯೋಡಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು, ಹೊತ್ತವರು ಕೂಲಿಯಾಳುಗಳು. ಆ ತ್ರಿಕೋನಗಳ ಸಾಲು ಮುಂದೆ ಕನ್ಯಾಕುಮಾರಿಯ ಕಡೆಗೆ ಬೆಳೆಯಿತು.

ಇಂದು ವಿಮಾನಗಳು ನೆಚ್ಚುವುದು ಇಂಥ ನೇರ ದೂರವನ್ನೇ. ಓಮಲೂರು ಬಳಿಯ ಕಮಲಾಪುರದಲ್ಲಿರುವ ಸೇಲಂ ವಿಮಾನ ನಿಲ್ದಾಣ 1993ರದು. ವಿಮಾನಗಳು ಬಂದವು, ನಿಂತವು. ಉಡಾನ್ ಯೋಜನೆಯಲ್ಲಿ 2018ರಲ್ಲಿ ಚೆನ್ನೈಗೆ ಹಾರಾಟ ಮತ್ತೆ ಶುರುವಾಯಿತು. 2023ರ ಅಕ್ಟೋಬರಿನಲ್ಲಿ ಬೆಂಗಳೂರಿಗೂ ಸಂಪರ್ಕ ಬಂತು. ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ಇರುವ ಬೆಂಗಳೂರು ಆಕಾಶದಲ್ಲಿ 160ರಷ್ಟೇ.

ವಿಮಾನವನ್ನೇ ನಂಬಿ ಬದುಕುವವರೂ ಇದ್ದಾರೆ. ಉತ್ತರ ಧ್ರುವದ ಕಡೆ, ಕೆನಡಾದ ನುನಾವುಟ್‌ನ ಊರುಗಳ ನಡುವೆ ರಸ್ತೆಯ ಜಾಲವೇ ಇಲ್ಲ. ಅಲ್ಲಿನವರಿಗೆ ವರ್ಷವಿಡೀ ವಿಮಾನವೇ ಗತಿ. ರೋಗಿಯನ್ನು ಸಾಗಿಸುವುದಕ್ಕೂ ಅದೇ, ಅಂಚೆಗೂ ಅದೇ. ವಿಮಾನವೂ ಇಲ್ಲದ ನಮ್ಮ ಬೆಟ್ಟದ ಹಳ್ಳಿಗಳ ಪಾಡು ಬೇರೆ. ಧರ್ಮಪುರಿ ಬಳಿಯ ಪೆನ್ನಾಗರಂ ಕ್ಷೇತ್ರದ ಕೋಟೂರು ಬೆಟ್ಟಕ್ಕೆ 2021ರ ಚುನಾವಣೆಯಲ್ಲಿ ಮತಯಂತ್ರಗಳು ಹೋದದ್ದು ಕತ್ತೆಗಳ ಬೆನ್ನ ಮೇಲೆ. ನಕ್ಷೆಯಲ್ಲಿ ಇಂಥ ಹಳ್ಳಿ ಕಣ್ಣಳತೆಯಲ್ಲೇ ಇರುತ್ತದೆ. ಹೆರಿಗೆ ನೋವು ಬಂದ ಹೆಣ್ಣುಮಗಳಿಗೆ ಮಾತ್ರ ಅಲ್ಲಿಂದ ಆಸ್ಪತ್ರೆ ದೂರವೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಊರಿಂದ ಊರಿಗೆ ಎಷ್ಟು ಕಿಲೋಮೀಟರ್ ಎಂದು ಬರೆಯುವವರು, ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನೂ ಬರೆಯಲಿ. ರಸ್ತೆಗೆ ಹಣ ಹಂಚುವಾಗ ಆ ಲೆಕ್ಕವನ್ನೇ ಮೊದಲು ನೋಡಲಿ.